ಹಲಗೆ ತೆಗೆಯುವ ಅಜ್ಜ

ಚಳಿಗಾಲದಲ್ಲಿ ನಮ್ಮ ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ದಿನ ಊರಿಗೆ ಊರೇ ಸೇರುತ್ತದೆ. ಅವಲಕ್ಕಿ, ಚಹಾ, ಫೋಟೊ ಎಲ್ಲ ಉಂಟು. ಮಳೆಗೆ ಮುಂಚೆ ಅದೇ ಹಲಗೆ ತೆಗೆಯಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ನೆರೆಮನೆಯ ಅಜ್ಜ ಒಬ್ಬರೇ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಬಿಗಿದು ಹೊಳೆಗಿಳಿಯುತ್ತಿದ್ದರು. ಒಂದೊಂದನ್ನೂ ತೊಳೆದು, ಹಲಸಿನ ಹಣ್ಣಿಗೆ ತಟ್ಟಿದ ಹಾಗೆ ತಟ್ಟಿ ನೋಡಿ, ನೆರಳಲ್ಲಿ ಒಣಗಿಸಿ, ತಮ್ಮ ಕೊಟ್ಟಿಗೆಯಲ್ಲಿ ಪೇರಿಸಿಡುತ್ತಿದ್ದರು. ಕೇಳಿದರೆ ಒಂದೇ ಮಾತು: “ಮುಂದಿನವರಿಗೆ ಬೇಕಲ್ಲ ಮಾರಾಯ.”

ಅವರ ಮೊಮ್ಮಗಳ ಮದುವೆ ಪೊಳಲಿಯಲ್ಲಿತ್ತು. ಊಟಕ್ಕೆ ಎಲೆ ಹಾಕುವಾಗ ಘಟ್ಟದ ಕಡೆ ಗುಡುಗಿತು. ಅಜ್ಜ ಎದ್ದು ಹೋಗಿಯೇ ಬಿಟ್ಟರು. ಸಂಜೆ ಜರಿಪಂಚೆಗೆಲ್ಲ ಕೆಸರು ಮೆತ್ತಿಕೊಂಡು ಮರಳಿದಾಗ ಮಗ ರೇಗಿದ.

“ನಾಳೆ ತೆಗೆದ್ರೆ ಆಗ್ತಿರ್ಲಿಲ್ವಾ ಅಪ್ಪ?”

“ನಾಳೆಗೆ ಹಲಗೆ ಸಮುದ್ರದಲ್ಲಿ ಇರ್ತದೆ. ಮುಂದಿನವರಿಗೆ ಬೇಕಲ್ಲ ಮಾರಾಯ. ಪಾಯಸ ಉಳಿದುಂಟಾ?”

ಕಳೆದ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಈ ಸಲ ನಾವು ಹಾಕಿದ್ದು ಅವರು ಒಣಗಿಸಿಟ್ಟ ಹಲಗೆಗಳನ್ನೇ. ನಿನ್ನೆ ಘಟ್ಟದ ಕಡೆ ಗುಡುಗಿತು. ಅಂಗಳದಲ್ಲಿದ್ದ ನಾನು ಅಭ್ಯಾಸದಂತೆ ಅವರ ಗೇಟಿನ ಕಡೆ ನೋಡಿದೆ. ಗೇಟು ತೆರೆಯಲಿಲ್ಲ.

ಒಳಗೆ ಹೋಗಿ ಬೈರಾಸು ಹುಡುಕಿದೆ.