ಗುಳಿಗೆ ನಡೆಯದ ವಾರಗಳು

ಇವತ್ತು ಮಧ್ಯಾಹ್ನ ಆಫೀಸಿನಲ್ಲಿ ಪಕ್ಕದ ಮೇಜಿನವರು ಡಬ್ಬಿ ತೆಗೆದಾಗ ಸಾಬುದಾಣಿ ಖಿಚಡಿಯ ವಾಸನೆ ಬಂತು. ತುಪ್ಪದಲ್ಲಿ ಬಾಡಿದ ಹಸಿಮೆಣಸಿನಕಾಯಿ, ಹುರಿದ ಶೇಂಗಾದ ಪುಡಿ. “ತಗೋರಿ, ಇವತ್ತ ನನಗ ಗುರುವಾರ” ಎಂದು ಮುಚ್ಚಳದಲ್ಲಿ ಒಂದಿಷ್ಟು ಹಾಕಿಕೊಟ್ಟರು. ನಮ್ಮ ಕಡೆ ಹೀಗೆಯೇ. ವಾರ ಹಿಡಿಯುವುದೆಂದರೆ ಆ ದಿನದ ದೇವರ ಹೆಸರಿನಲ್ಲಿ ಉಪವಾಸ ಮಾಡುವುದು. ಒಬ್ಬರು ‘ನನಗ ಸೋಮವಾರ’ ಎಂದರೆ ಮುಗಿಯಿತು, ಆಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ. ಖಿಚಡಿ ಚೆನ್ನಾಗಿಯೇ ಇತ್ತು. ಎರಡನೆಯ ತುತ್ತಿಗೆ ನಿಪ್ಪಾಣಿಯ ಸುನಂದಾ ವೈನಿ ನೆನಪಾದರು. ಬಳಗದವರಲ್ಲ, ಅತ್ತಿಗೆಯಂತೆ ಕಂಡವರನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ.

ಆಗಷ್ಟೇ ನನ್ನ ಎಂ.ಎ. ಮುಗಿದಿತ್ತು. ಕ್ಯಾನ್ಸರ್ ರೋಗಿಗಳು ಮನೆಗೆ ಬಂದ ಮೇಲೆ ಗುಳಿಗೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೆಯೇ, ಇಲ್ಲದಿದ್ದರೆ ಏಕೆ ಎಂದು ಕೇಳಿಕೊಂಡು ಬರುವ ಒಂದು ಸಂಶೋಧನೆಯಲ್ಲಿ ಕೆಲಸ ಸಿಕ್ಕಿತು. ‘ಊಟ ಆಯ್ತಾ’ ಎಂದು ಎರಡು ಸಲ ಕೇಳಿದರೇ ಮುಖ ಗಂಟು ಹಾಕುವ ನಾನು, ಚಿಕ್ಕೋಡಿಯಿಂದ ಬಸ್ಸು ಹಿಡಿದು ಹೋಗಿ ಕಂಡವರ ಮೈಯ ನೋವು, ಮನೆಯ ಕಷ್ಟ ವಿಚಾರಿಸಬೇಕಿತ್ತು. ಪ್ರಶ್ನೆಗಳನ್ನು ಯಾರೋ ಬಹಳ ಶ್ರದ್ಧೆಯಿಂದ ಬರೆದಿದ್ದರು. “ಇತ್ತೀಚೆಗೆ ತಮ್ಮ ಔಷಧ ಸೇವನೆಯಲ್ಲಿ ವ್ಯತ್ಯಯ ಉಂಟಾಗಿದೆಯೇ?” ಎಂದು ಮೊದಲ ದಿನ ರಾಯಬಾಗದ ಅಜ್ಜ ಒಬ್ಬರನ್ನು ಕೇಳಿದಾಗ ಅವರು ನನ್ನನ್ನೇ ದಿಟ್ಟಿಸಿ, “ಬ್ಯಾಂಕಿನಿಂದ ಬಂದಿಯೇನವ್ವಾ?” ಎಂದಿದ್ದರು. ಅಂದಿನಿಂದ “ಗುಳಿಗಿ ತಪ್ಪೇತೇನ್ರಿ?” ಎಂದು ಕೇಳಲು ಕಲಿತೆ. ನಮಗೆ ಇದ್ದದ್ದು ಒಂದೇ ನಿಯಮ. ಕೇಳಬೇಕು, ಬುದ್ಧಿ ಹೇಳಬಾರದು.

ಸುನಂದಾ ವೈನಿ ಬೀಡಿ ಕಟ್ಟುತ್ತಿದ್ದರು. ಎದೆಯ ಆಪರೇಶನ್ ಆಗಿತ್ತು. ಇನ್ನು ಹಲವು ವರ್ಷ ದಿನಕ್ಕೊಂದು ಗುಳಿಗೆ ತಪ್ಪಿಸುವಂತಿಲ್ಲ, ತಪ್ಪಿಸಿದರೆ ಗಡ್ಡೆ ಮರಳಿ ಬರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಮೊದಲ ಸಲ ಹೋದದ್ದು ಸೋಮವಾರ. “ಇವತ್ತ ಮಹಾದೇವನ ವಾರ ಐತ್ರಿ, ಗುಳಿಗಿ ನಡಿಯಂಗಿಲ್ಲ” ಎಂದರು. ಸರಿ ಎಂದುಕೊಂಡೆ. ಮುಂದಿನ ಸಲ ಗುರುವಾರ, ದತ್ತನ ವಾರ. ಅದರ ಮುಂದಿನ ಸಲ ಮಂಗಳವಾರ, ಕೊಕಟನೂರ ಯಲ್ಲಮ್ಮನದು. ನಾನು ಹೋದಂತೆಲ್ಲ ಅವರ ಭಕ್ತಿ ಬೆಳೆಯುತ್ತಿತ್ತು. ಅವರ ಮುಖ ಮಾತ್ರ ಸಣ್ಣದಾಗುತ್ತಿತ್ತು.

ಅವರ ಅತ್ತೆಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ತಂಬಾಕಿನ ಧೂಳಿಗೆ ಎದೆ ಹಿಡಿದು, ಬೀಡಿ ಕಟ್ಟುವುದನ್ನು ಬಿಟ್ಟು ವರ್ಷಗಳಾಗಿದ್ದವು. ಬಾಯಿ ಮಾತ್ರ ಗಟ್ಟಿ.

“ಚಾ ನಡಿತೈತಿ, ಬಾಳಿಹಣ್ಣ ನಡಿತೈತಿ. ಗುಳಿಗಿ ಅಷ್ಟ ಯಾಕ ನಡಿಯಂಗಿಲ್ಲ ಬೇ?”

“ಗುಳಿಗಿ ಉಂಡ ಮ್ಯಾಲೆ ತಗೋ ಅಂದಾರ ಡಾಕ್ಟರ್ ಸಾಹೇಬ್ರು. ಉಪಾಸ ಇದ್ದಾಕಿ ಹೆಂಗ ಉಣ್ಣಲ್ರಿ ಅತ್ತಿ?”

ಉತ್ತರ ಸರಿಯಾಗಿಯೇ ಇತ್ತು, ಆಯಿ ಕೊಡ ಎತ್ತಿಕೊಂಡರು. ನನ್ನ ಅನುಮಾನ ಮಾತ್ರ ಹೋಗಲಿಲ್ಲ. ಆಯಿ ನೀರಿಗೆ ಹೊರಗೆ ಹೋದಾಗ ಮೆಲ್ಲಗೆ ಕೇಳಿದೆ: “ವೈನಿ, ಆಪರೇಶನ್ನಿಗೆ ಮುಂಚೆ ಎಷ್ಟು ವಾರ ಹಿಡಿತಿದ್ರಿ?”

ಅವರ ಬೆರಳು ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ. “ಒಂದೂ ಇಲ್ಲ,” ಎಂದರು. “ಆಪರೇಶನ್ನಿಗೆ ಎಮ್ಮಿ ಹೋತು. ಕಿವ್ಯಾಗಿಂದೂ ಹೋತು. ಇನ್ನ ಗುಳಿಗಿಗೆ ಏನ್ ಹೋಗಬೇಕು, ನೀವ ಹೇಳ್ರಿ. ರೊಕ್ಕ ಇಲ್ಲಂದ್ರ ನಮ್ಮನಿಯವರು ತಲಿ ಹಿಡಕೊಂಡ ಕುಂದ್ರತಾರ. ದೇವರಂದ್ರ ಯಾರೂ ಕೇಳಂಗಿಲ್ಲ. ನೀವು ಕಲಿತವರು, ಮನಸಿನ್ಯಾಗ ಇಟ್ಕೋರಿ.”

ಇಟ್ಟುಕೊಂಡೆ. ಬಸ್ಸಿನಲ್ಲಿ ಚಿಕ್ಕೋಡಿ ಮುಟ್ಟುವ ತನಕ ಅದನ್ನು ಹಿಡಿದುಕೊಂಡು ಕೂತಿದ್ದೆ. ಬಾಯಿ ಬಿಟ್ಟರೆ ಆಕೆಯ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಆಕೆಯೇ ಹೋಗಬಹುದು. ನನ್ನ ಮೇಲಿನವರಿಗೆ ತಿಳಿಸಿದೆ. ಆಸ್ಪತ್ರೆಗೆ ಕರೆಸೋಣ, ಏನಾದರೂ ರಿಯಾಯಿತಿ ಸಿಗುತ್ತದೋ ನೋಡೋಣ ಎಂದರು. ಆ ಮಾತು ಹೇಳಲೆಂದು ಮರುವಾರ ನಿಪ್ಪಾಣಿಗೆ ಹೋದೆ. ಅಂದು ಶುಕ್ರವಾರ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಅಂಬಾಬಾಯಿಯ ವಾರವೊಂದನ್ನಾದರೂ ಹಿಡಿಯದಿರಲಿ.

ಹಿಡಿದಿದ್ದರು.

ಆದರೆ ಆ ದಿನ ಆಯಿ ದೇವರ ಜಗುಲಿಯ ಮುಂದೆ ಕೂತಿದ್ದರು. ಊದುಬತ್ತಿಯ ಪಕ್ಕದಲ್ಲಿ ಒಂದು ವೀಳ್ಯದೆಲೆ, ಅದರ ಮೇಲೆ ಬಿಳಿಯ ಒಂದು ಗುಳಿಗೆ. ಆರತಿ ಬೆಳಗಿ, ನೀರು ಸುತ್ತುಗಟ್ಟಿ, ಎಲೆಯನ್ನು ಎತ್ತಿಕೊಂಡು ಸೊಸೆಯ ಮುಂದೆ ಹಿಡಿದರು.

“ಹಿಡಿ. ಪ್ರಸಾದ.”

ವೈನಿಯ ಕೈ ಮೊದಲ ಸಲ ನಿಂತಿತು. ಉಪವಾಸವಿದ್ದರೂ ನಮ್ಮಲ್ಲಿ ಪ್ರಸಾದ ಬೇಡವೆಂದವರನ್ನು ನಾನು ಕಂಡಿಲ್ಲ. ಅವರು ನನ್ನತ್ತ ನೋಡಿದರು. ಆಯಿಗೆ ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

“ಅಕಿನ್ನ ಯಾಕ ನೋಡ್ತಿ? ನಾ ಏನ್ ಕುರುಡಿ ಅದೀನೇನ?” ಎಂದರು ಆಯಿ. “ಬಾಯಿ ತಗಿ.”

ವೈನಿ ನುಂಗಿದರು. ನುಂಗಿ ಅಳಲಿಲ್ಲ, ಸಿಟ್ಟಿನಿಂದ ಕೇಳಿದರು: “ನಾಳಿಗೆ?”

“ನಾಳೆ ಶನಿವಾರ. ಮಾರುತಿ ಅದಾನಲ್ಲ.”

“ಗುಳಿಗಿ ಖಾಲಿ ಆದ ಮ್ಯಾಲೆ? ಯಾವ ದೇವರು ತಂದ ಕೊಡತಾನ?”

ಆಯಿ ಮೂಲೆಯಲ್ಲಿ ಮಗುಚಿಟ್ಟಿದ್ದ ಇನ್ನೊಂದು ಮೊರ ಎಳೆದುಕೊಂಡು, ತೊಡೆಯ ಮೇಲೆ ಇಟ್ಟು, ಸೊಸೆಯ ಮೊರದಿಂದ ತಂಬಾಕು ಬಾಚಿಕೊಂಡರು. ಮೊದಲ ಬೀಡಿಗೆ ದಾರ ಕಟ್ಟುವಷ್ಟರಲ್ಲಿ ಕೆಮ್ಮು ಬಂತು. “ಬಿಡ್ರಿ ಅತ್ತಿ” ಎಂದು ವೈನಿ ಮೊರ ಕಸಿಯಲು ಹೋದರು. ಆಯಿ ಬಿಡಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮೊರ ಎಳೆದಾಡಿದರು. ರಿಯಾಯಿತಿಯ ಮಾತನ್ನು ನಾನು ಅದೇ ಗದ್ದಲದಲ್ಲಿ ಹೇಳಿ ಮುಗಿಸಿದೆ. ಅದು ಮುಂದೆ ಸಿಕ್ಕಿತು, ಆದರೆ ತಡವಾಗಿ, ಅದೂ ಅರ್ಧ. ಉಳಿದರ್ಧಕ್ಕೆ ಆಯಿಯ ತೊಡೆಯ ಮೇಲಿನ ಮೊರ ಕೆಳಗಿಳಿಯಲೇ ಇಲ್ಲ.

ಇವತ್ತು ಸಂಜೆ ಮನೆಗೆ ಬಂದು ಫೋನು ಮಾಡಿದೆ. ಬಹಳ ದಿನವಾಗಿತ್ತು. ವೈನಿಯೇ ಎತ್ತಿದರು. ಗುಳಿಗೆಯ ವರ್ಷಗಳು ಮುಗಿದಿವೆ, ಡಾಕ್ಟರು ಇನ್ನು ಸಾಕು ಎಂದಿದ್ದಾರೆ.

“ವಾರ ಎಲ್ಲಾ ಬಿಟ್ಟಿರೇನ್ರಿ?” ಎಂದು ನಗುತ್ತ ಕೇಳಿದೆ.

“ಎಲ್ಲಾ ಬಿಟ್ಟೇನ್ರಿ. ಮಂಗಳವಾರ ಒಂದ ಇಟ್ಕೊಂಡೀನಿ. ಆಯಿ ಎದಿ ಆರಾಮ ಆಗಲಿ ಅಂತ.” ದನಿ ತಗ್ಗಿಸಿದರು. “ಅವತ್ತ ಖರೇನ ಏನೂ ತಿನ್ನಂಗಿಲ್ರಿ. ಚಾ ಸುದ್ದಾ ಇಲ್ಲ.”

ಅವರ ಹಿಂದಿನಿಂದ ಆಯಿಯ ಕೆಮ್ಮು ಕೇಳಿಸಿತು. “ತಡೀರಿ, ನೀರ ಕೊಟ್ಟ ಬರ್ತೀನಿ” ಎಂದು ವೈನಿ ಫೋನು ಕೆಳಗಿಟ್ಟು ಹೋದರು.