ಕೊಬ್ಬರಿ ತಿಂದ ಇಲಿಗಳು

ಕೋವಿಡ್ ಗಲಾಟೆ ಅಡಗಿ ಕಾಲೇಜುಗಳು ಮತ್ತೆ ತೆರೆದ ಮರುವರ್ಷ. ತಿಪಟೂರಿನ ಫಾರ್ಮಸಿ ಕಾಲೇಜೊಂದರಲ್ಲಿ ನಾನು ಫಾರ್ಮಕಾಲಜಿ ಪ್ರೊಫೆಸರ್. ನಿವೃತ್ತಿ ಹತ್ತಿರವಾಗಿತ್ತು, ಸಿಡುಕ ಎಂಬ ಹೆಸರೂ ಸಂಪಾದನೆಯಾಗಿತ್ತು. ಕೆಂಕೆರೆಯ ತೆಂಗಿನ ತೋಟದ ಮನೆಯ ಹುಡುಗಿ ಪಲ್ಲವಿ ನನ್ನ ಎಂ.ಫಾರ್ಮ್ ವಿದ್ಯಾರ್ಥಿನಿ.

ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವಿದೆ. ನರಕೋಶಗಳ ಮೇಲೆ ಅದರ ಸಂದೇಶ ಹಿಡಿಯುವ ಅಣುಗಳೇ ರಿಸೆಪ್ಟರ್‌ಗಳು. ಅವುಗಳಲ್ಲಿ ಕೆಲವು ಬಗೆ ಪ್ರಾಣಿಯ ಓಡಾಟ ಹೆಚ್ಚಿಸುತ್ತವೆ, ಕೆಲವು ತಗ್ಗಿಸುತ್ತವೆ. ತಗ್ಗಿಸುವ ಬಗೆಯನ್ನು ಕೆರಳಿಸುವ ಔಷಧ ಕೊಟ್ಟು ಇಲಿಗಳ ಓಡಾಟ ಅಳೆಯುವುದು ಪಲ್ಲವಿಯ ಪ್ರಬಂಧ. ಅರ್ಧದಷ್ಟು ಇಲಿಗಳಿಗೆ ಔಷಧದ ಇಂಜೆಕ್ಷನ್, ಉಳಿದವಕ್ಕೆ ಬರೀ ಸಲೈನ್. ಆಮೇಲೆ ಆಕ್ಟೋಫೋಟೋಮೀಟರ್ ಪೆಟ್ಟಿಗೆಯೊಳಗೆ ಬಿಟ್ಟರೆ, ಇಲಿ ಬೆಳಕಿನ ಕಿರಣ ದಾಟಿದಾಗಲೆಲ್ಲ ಯಂತ್ರ ಎಣಿಸುತ್ತದೆ.

ಔಷಧದ ಇಲಿಗಳು ಮೂಲೆ ಹಿಡಿದು ಕೂತವು. ಪಲ್ಲವಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ನನಗೂ ಖುಷಿಯೋ ಖುಷಿ. ಅಷ್ಟರಲ್ಲಿ ಆ ಇಲಿಗಳ ಪಂಜರದಲ್ಲಿ ಬೆಳ್ಳಗೆ ಏನೋ ಚೂರು ಕಂಡಿತು. ಎತ್ತಿ ಮೂಸಿದರೆ, ಕೊಬ್ಬರಿ!

“ಏನಮ್ಮಾ ಇದು?”

“ಚುಚ್ಚಿಸ್ಕೊಂಡ್ವಲ್ಲ ಸಾರ್, ಪಾಪ ಅನ್ನಿಸ್ತು. ಪೆಟ್ಗೆಗೆ ಬಿಡೋಕ್ ಮುಂಚೆ ಒಂದೊಂದ್ ಚೂರು ಕೊಟ್ಟೆ. ಮನೇಲಿ ದನಕ್ಕೆ ಸೂಜಿ ಹಾಕ್ಸಿದ್ರೂ ಬಾಯಿಗೆ ಒಂದ್ ಚೂರು ಕೊಬ್ರಿ ಇಡ್ತೀವಿ.”

“ಸಲೈನ್ ಇಲಿಗಳಿಗೆ?”

“ಅದು ಬರೀ ಉಪ್ಪುನೀರಲ್ವಾ ಸಾರ್, ಅವಕ್ಕೇನಾಗುತ್ತೆ ಅಂತ ಕೊಡ್ಲಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ಎಂಥ ಕೆಲ್ಸ ಮಾಡ್ದೆ ತಾಯಿ! ಹೊಟ್ಟೆ ತುಂಬಿದ ಇಲಿ ಓಡುತ್ತಾ? ಅವನ್ನ ಕೂರ್ಸಿದ್ದು ಔಷಧವೋ ಕೊಬ್ರಿಯೋ, ಹೆಂಗೆ ಹೇಳ್ತೀಯ?” ಎಂದು ಗದರಿದೆ. ಅವಳ ಮುಖ ಇಷ್ಟಗಲವಿದ್ದದ್ದು ಇಷ್ಟಾಯಿತು. ಹೊಸ ಇಲಿಗಳಿಗೆ ಪ್ರಾಣಿಪ್ರಯೋಗಗಳ ನೈತಿಕತಾ ಸಮಿತಿಯ ಅನುಮತಿ ಬೇಕು, ಪ್ರಬಂಧ ಒಪ್ಪಿಸುವ ದಿನವೂ ಹತ್ತಿರ. ಮತ್ತೆ ಮಾಡಿದಾಗ ವ್ಯತ್ಯಾಸವೇ ಕಾಣದಿದ್ದರೆ ಅಷ್ಟೂ ದಿನದ ದುಡಿಮೆ ನೀರುಪಾಲು. ಪಲ್ಲವಿ ಪಂಜರದಲ್ಲಿ ಉಳಿದ ಕೊಬ್ಬರಿ ಚೂರುಗಳನ್ನು ಆಯ್ದು ತೆಗೆಯುತ್ತ ಹೇಳಿದಳು: “ಬುಡಿ ಸಾರ್, ಇನ್ನೊಂದ್ಸಲ ಮಾಡ್ತೀನಿ. ಹೋದ್ರೆ ಹೋಯ್ತು.”

ಅನುಮತಿ ಸಿಕ್ಕಿತು. ಈ ಸಲ ಒಂದು ಗುಂಪಿಗೆ ಮೊದಲೇ ಆ ತಗ್ಗಿಸುವ ರಿಸೆಪ್ಟರನ್ನು ಮುಚ್ಚಿಬಿಡುವ ಇನ್ನೊಂದು ಔಷಧವನ್ನೂ ಕೊಟ್ಟೆವು. ಆ ಇಲಿಗಳು ಹೆಚ್ಚುಕಡಿಮೆ ಎಂದಿನಂತೆ ಓಡಾಡಿದವು. ಬರೀ ಮೊದಲಿನ ಔಷಧ ಪಡೆದವು ನಿಧಾನವಾದವು, ಹಿಂದಿನಷ್ಟಲ್ಲ, ಆದರೂ ಸ್ಪಷ್ಟವಾಗಿ. ಹಾಗಾದರೆ ಇದು ರಿಸೆಪ್ಟರಿನದೇ ಕೆಲಸ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು!

ಮೌಖಿಕ ಪರೀಕ್ಷೆಯಲ್ಲಿ ಯಾರೂ ಕೇಳದಿದ್ದರೂ ಪಲ್ಲವಿ ಕೊಬ್ಬರಿಯ ಕಥೆಯನ್ನು ತಾನೇ ಹೇಳಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕು, “ಹಂಗಾದ್ರೆ ಈ ಸಲ ಇಲಿಗಳಿಗೆ ಏನೂ ಇಲ್ವೇನ್ರೀ?” ಎಂದರು.

“ಕೊಟ್ಟೆ ಸಾರ್. ಎಣಿಕೆ ಮುಗಿದ್ಮೇಲೆ. ಎಲ್ಲಾವ್ಕೂ, ಉಪ್ಪುನೀರಿನವ್ಕೂ.”

ಪ್ರಯೋಗಾಲಯದ ಬಾಗಿಲಲ್ಲೇ ಕನಿಕರ ಬಿಟ್ಟು ಬನ್ನಿ ಎಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅಂದಿನಿಂದ ಆ ಪಾಠ ತಿದ್ದಿಕೊಂಡೆ. ಕನಿಕರ ಒಳಗೆ ಬರಲಿ, ಆದರೆ ಯಾವ ಪಂಜರವನ್ನೂ ಬಿಟ್ಟು ಮುಂದೆ ಹೋಗದಿರಲಿ.