ಡಿಸ್ಕಿನಿಂದ ಹೋದ ಅಮ್ಮ

ಮುಂಜಾನೆ ಮೂರೂವರೆಗೆ ಕಂಪ್ಯೂಟರಿನ ಫ್ಯಾನ್ ಗುರ್ರೆಂದ ಸದ್ದಿಗೆ ಎಚ್ಚರವಾಯಿತು, ಗೆಳೆಯರೇ. ಟಿವಿ ರೆಕಾರ್ಡ್ ಮಾಡಲು ನಾನು ಹಾಕಿದ ಸಾಫ್ಟ್‌ವೇರ್, ಅತ್ತೆಯ ಧಾರಾವಾಹಿಯ ಮರುಪ್ರಸಾರಕ್ಕೆಂದು ತಾನೇ ಎದ್ದಿತ್ತು. ಡಿಸ್ಕ್ ತುಂಬಿದರೆ ಅತಿ ಹಳೆಯದನ್ನು ಅಳಿಸು ಎಂದು ಸೆಟ್ ಮಾಡಿದವಳೂ ನಾನೇ. ಅತಿ ಹಳೆಯದು ನನ್ನ ಅಮ್ಮ. ಅಡುಗೆ ಕಾರ್ಯಕ್ರಮದಲ್ಲಿ, ಕಡುಬಿಗೆ ಹಲಸಿನೆಲೆಯ ದೊನ್ನೆಯಂಥ ಕೊಟ್ಟೆ ಕಟ್ಟುತ್ತಾ ಅವಳು ಮಾತಾಡಿದ ಅರ್ಧ ಗಂಟೆ. ಅವಳು ತೀರಿಹೋದ ಮೇಲೆ ಉಳಿದ ದನಿ ಅದೊಂದೇ. ನನ್ನ ಮಗಳು ಅದನ್ನು ನೋಡುತ್ತಲೇ ಉಣ್ಣುತ್ತಿದ್ದಳು. ‘ಅಳಿಸಬೇಡ’ ಎಂಬ ಗುರುತು ಹಾಕಲು ಮರೆತಿದ್ದೆ; ಎದ್ದು ನೋಡಿದರೆ ಅದು ಅಳಿಸಿಹೋಗಿತ್ತು.

ಪ್ಲಗ್ ಕಿತ್ತೆ. ಅತ್ತೆ ಎದ್ದು ಬಂದರು.

“ಎಂತ ಮಾರಾಯ್ತಿ, ಈ ಹೊತ್ತಿಗ್?”

ಹೇಳಿದೆ.

“ಹೋದ್ದ್ ಬತ್ತಿಲ್ಲ. ಆರ್ ಗಂಟಿಗ್ ದೇವ್ರ್ ಪೂಜಿ ಬತ್ತ್, ಅದಾರೂ ರೆಕಾರ್ಡ್ ಆಯ್ಲಿ. ಪ್ಲಗ್ ಹಾಕ್.”

“ಅದ್ರ್ ಮೇಲೆ ಇನ್ನೊಂದ್ ರೆಕಾರ್ಡ್ ಆದ್ರೆ ಅಮ್ಮ ಪೂರ್ತಿ ಹೋತ್ರ್, ಅತ್ತೆ!”

“ನಿನ್ನಮ್ಮ ಹೋಯಿ ವರ್ಷ ಆಯ್ತಲೆ!”

ಅವರು ಮತ್ತೆ ಮಲಗಿದ್ದಾರೆ. ನಾನು ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡು, ಮೊಬೈಲಿನಲ್ಲಿ ಇದನ್ನು ಬರೆಯುತ್ತಾ ಕೂತಿದ್ದೇನೆ. ಅಳಿಸಿದ್ದನ್ನು ಮರಳಿ ತೆಗೆಯಬಲ್ಲವರು ಕುಂದಾಪುರದ ಸುತ್ತ ಯಾರಾದರೂ ಇದ್ದೀರಾ? ಅಮ್ಮ ಹೋದ ಮೇಲೆ ಸರಿಯಾಗಿ ಬಾರದ ನಿದ್ದೆ ಈಗಲೇ ಬರುತ್ತಿದೆ, ಅತ್ತೆಗೆ ಪ್ಲಗ್ ಹಾಕಲು ಬರುತ್ತದೆ. ದಮ್ಮಯ್ಯ, ಬೆಳಗಾಗುವ ಮೊದಲು ಫೋನ್ ಮಾಡಿ.